ಮುಂಬೈಯಲ್ಲಿ ಇದ್ದುಕೊಂಡೇ ಮುಂಬೈ ನೋಡಲು ಹೊರಟವರು ಯಾರಾದರೂ ಇದ್ದೀರಾ?

ಡೊಂಬಿವಲಿಯ ಪಾಸುದಾರ

ಮಾನ್ಯರೇ, ನಾನು ಕುಮಟಾ ಕಡೆಯವನು. 1994ರಲ್ಲಿ ಕೆಲಸ ಹುಡುಕಿಕೊಂಡು ಮುಂಬೈಗೆ ಬಂದವನು ಇಲ್ಲಿಯೇ ನೆಲೆ ನಿಂತೆ. ಬೆಳಿಗ್ಗೆ ಡೊಂಬಿವಲಿಯಿಂದ ಫಾಸ್ಟ್ ಲೋಕಲ್, ನಾವೆಲ್ಲ ಇಂದಿಗೂ ವಿ.ಟಿ. ಎಂದೇ ಕರೆಯುವ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್, ಅಲ್ಲಿಂದ ಹತ್ತು ನಿಮಿಷ ನಡೆದರೆ ಫೋರ್ಟ್ ಬಡಾವಣೆಯ ಕಚೇರಿ, ಸಂಜೆ ಅದೇ ದಾರಿಯಲ್ಲಿ ಮನೆಗೆ. ಮೂವತ್ತು ವರ್ಷಗಳ ಕಾಲ ನನ್ನ ಪಾಲಿನ ಮುಂಬೈ ಮೂರು ತಿಂಗಳ ರೈಲು ಪಾಸಿನ ಮೇಲೆ ಅಚ್ಚಾಗಿದ್ದ ಆ ಎರಡು ಹೆಸರುಗಳ ನಡುವೆಯೇ ಮುಗಿದುಹೋಗುತ್ತಿತ್ತು.

ಕಳೆದ ದೀಪಾವಳಿ ರಜೆಯಲ್ಲಿ ಧಾರವಾಡದಿಂದ ಅಕ್ಕನ ಮಗ ಬಂದಿದ್ದ. ಹನ್ನೊಂದು ವರ್ಷದ ಹುಡುಗ. ಟರ್ಮಿನಸ್ಸಿನ ಮುಂದೆ ನಿಂತು, ಗೇಟಿನ ಎರಡು ಕಂಬಗಳನ್ನು ತೋರಿಸಿ, "ಮಾಮಾ, ಅಲ್ಲೊಂದು ಸಿಂಹ, ಇಲ್ಲೊಂದು ಹುಲಿ ಯಾಕ ಕೂಡಿಸ್ಯಾರ?" ಎಂದು ಕೇಳಿದ. ಉತ್ತರ ಹೇಳುವುದು ಹಾಗಿರಲಿ, ಅಲ್ಲೊಂದು ಹುಲಿ ಇದೆ ಎಂಬುದೇ ನನಗೆ ಅಂದು ತಿಳಿಯಿತು. ಆ ರಾತ್ರಿ ಮನೆಗೆ ಬಂದು ಓದಿದಾಗ ಸಿಂಹ ಬ್ರಿಟನ್ನಿನ ಸಂಕೇತ, ಹುಲಿ ಭಾರತದ ಸಂಕೇತ ಎಂದು ಗೊತ್ತಾಯಿತು. ಎಫ್. ಡಬ್ಲ್ಯು. ಸ್ಟೀವನ್ಸ್ ಎಂಬ ವಾಸ್ತುಶಿಲ್ಪಿ 1878ರಲ್ಲಿ ಆರಂಭಿಸಿದ ಆ ಕಟ್ಟಡ ಮುಗಿಯಲು ಹತ್ತು ವರ್ಷ ಹಿಡಿಯಿತೆಂದೂ, ಗುಮ್ಮಟದ ತುದಿಯಲ್ಲಿ ಕೈಯಲ್ಲಿ ದೀವಟಿಗೆ ಎತ್ತಿ ಹಿಡಿದು ನಿಂತಿರುವ ಹೆಂಗಸು 'ಪ್ರಗತಿ'ಯ ಮೂರ್ತಿಯೆಂದೂ, ಗೋಡೆಗಳ ಮೇಲಿನ ಎಲೆ, ಹೂವು, ಹಕ್ಕಿಗಳ ಕೆತ್ತನೆಯಲ್ಲಿ ಜೆ.ಜೆ. ಕಲಾಶಾಲೆಯ ವಿದ್ಯಾರ್ಥಿಗಳ ಕೈ ಇದೆಯೆಂದೂ ಓದಿದೆ. 2004ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಸುದ್ದಿಯನ್ನು ಪತ್ರಿಕೆಯಲ್ಲಿ ನೋಡಿದ ನೆನಪಿದೆ. ಬಹುಶಃ ಅದೇ ಕಟ್ಟಡದ ಒಂದನೆಯ ಪ್ಲಾಟ್‌ಫಾರ್ಮಿನಲ್ಲಿ ನಿಂತು ಓದಿರಬೇಕು!

ನಮ್ಮಲ್ಲಿ ಹೆಚ್ಚಿನವರು ಊರಿನಿಂದ ನೆಂಟರು ಬಂದಾಗ ಮಾತ್ರ ಈ ನಗರವನ್ನು ನೋಡುತ್ತೇವೆ. ಅದೂ ಒಂದೇ ದಿನದಲ್ಲಿ ಗೇಟ್‌ವೇ, ಹ್ಯಾಂಗಿಂಗ್ ಗಾರ್ಡನ್, ಮಹಾಲಕ್ಷ್ಮಿ, ಹಾಜಿ ಅಲಿ, ಸಿದ್ಧಿವಿನಾಯಕ, ಸಂಜೆ ಜುಹು ಎಂದು ಓಡಿಸಿ, ರಾತ್ರಿ ನೆಂಟರಿಗಿಂತ ಹೆಚ್ಚಾಗಿ ನಾವೇ ಬಸವಳಿದು ಮನೆ ಸೇರುತ್ತೇವೆ. ಹುಡುಗ ಹಿಂದಿರುಗಿದ ಮೇಲೆ ನಾನೂ ನನ್ನ ಪತ್ನಿಯೂ ಒಂದು ಕರಾರು ಮಾಡಿಕೊಂಡೆವು. ತಿಂಗಳಿಗೊಂದು ಭಾನುವಾರ ಈ ಪರವೂರಿಗೆ ಅಂದೇ ಬಂದಿಳಿದವರಂತೆ ಹೊರಡಬೇಕು, ಒಂದೇ ಜಾಗಕ್ಕೆ ಹೋಗಬೇಕು, ಅಲ್ಲಿಯ ಯಾರನ್ನಾದರೂ ಏನನ್ನಾದರೂ ಕೇಳಿ ತಿಳಿದುಕೊಳ್ಳಬೇಕು. ಬರುವಾಗ ದಾದರಿನಲ್ಲಿ ಇಳಿದು ತರಕಾರಿ ತರುವಂತಿಲ್ಲ. ಕೊನೆಯ ನಿಯಮ ಪಾಲಿಸುವುದೇ ಎಲ್ಲಕ್ಕಿಂತ ಕಷ್ಟವಾಗಿದೆ.

ಮೊದಲು ಹೋದದ್ದು ಘಾರಾಪುರಿಗೆ, ಅಂದರೆ ಎಲಿಫೆಂಟಾಕ್ಕೆ. ಗೇಟ್‌ವೇಯಿಂದ ಲಾಂಚಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಇಳಿದ ಮೇಲೆ ಪುಟಾಣಿ ರೈಲು, ಆಮೇಲೆ ನೂರಿಪ್ಪತ್ತರಷ್ಟು ಮೆಟ್ಟಿಲು. ದೊಡ್ಡ ಗುಹೆಯ ಹಿಂಬದಿಯ ಗೋಡೆಯಲ್ಲಿರುವ ಸುಮಾರು 18 ಅಡಿ ಎತ್ತರದ ಮಹೇಶಮೂರ್ತಿಯ ಮುಂದೆ ನಾವು ಮುಕ್ಕಾಲು ಗಂಟೆ ಕುಳಿತೆವು. ನಡುವೆ ಕಣ್ಣು ಮುಚ್ಚಿದ ಶಾಂತವಾದ ಮುಖ, ನಮ್ಮ ಎಡಕ್ಕೆ ಮೀಸೆಯ ಉಗ್ರಮುಖ, ಬಲಕ್ಕೆ ಕಮಲ ಹಿಡಿದ ಹೆಣ್ಣುಮುಖ. ಹೊರಗಿನ ಬಿಸಿಲಿನಿಂದ ಒಳಬಂದ ಕಣ್ಣಿಗೆ ಮೊದಲು ನಡುವಿನ ಮುಖವೊಂದೇ ಕಾಣುತ್ತದೆ. ಉಳಿದವು ನಿಧಾನವಾಗಿ ಕತ್ತಲೆಯೊಳಗಿಂದ ಹೊರಬರುತ್ತವೆ. ನೆಂಟರನ್ನು ಕರೆತಂದಿದ್ದರೆ ಹತ್ತನೆಯ ನಿಮಿಷಕ್ಕೆ ನಾನೇ "ಲಾಂಚು ತಪ್ಪುತ್ತದೆ" ಎಂದು ಎಬ್ಬಿಸಿಬಿಡುತ್ತಿದ್ದೆ.

ಇನ್ನೊಂದು ವಿಷಯವನ್ನು ತಮ್ಮೊಂದಿಗೆ ಹಂಚಿಕೊಳ್ಳಬೇಕು. 634ರ ಐಹೊಳೆ ಶಾಸನದಲ್ಲಿ ಕವಿ ರವಿಕೀರ್ತಿಯು, ಇಮ್ಮಡಿ ಪುಲಕೇಶಿಯು ಪಶ್ಚಿಮ ಸಮುದ್ರದ ಲಕ್ಷ್ಮಿಯಂತಿದ್ದ ಪುರಿ ಎಂಬ ನಗರವನ್ನು ಮದ್ದಾನೆಗಳ ಸಾಲಿನಂತೆ ಕಾಣುತ್ತಿದ್ದ ನೂರಾರು ಹಡಗುಗಳಿಂದ ಮುತ್ತಿದನೆಂದು ಹೇಳಿದ್ದಾನೆ. ಆ ಪುರಿಯೇ ಈ ಘಾರಾಪುರಿ. ಹಿಂದಿರುಗುವಾಗ ಲಾಂಚಿನ ಕಂಬಿಗೆ ಒರಗಿ ನಿಂತು, ಬಾದಾಮಿಯ ದೊರೆಯ ಹಡಗುಗಳು ಬಂದದ್ದು ಇದೇ ನೀರಿನ ಮೇಲೆ ಎಂದುಕೊಂಡಾಗ, ಮೂವತ್ತು ವರ್ಷ ಪರವೂರೆಂದು ಬಾಳಿದ ಈ ಊರು ಅಷ್ಟೇನೂ ಪರವೂರಲ್ಲ ಎನ್ನಿಸಿತು. ತಾವು ಯಾರಾದರೂ ಹೀಗೆ ಹೊರಟಿದ್ದರೆ ಎಲ್ಲಿಗೆ ಹೋದಿರಿ, ಹೇಗೆ ನೋಡಿದಿರಿ ಎಂದು ದಯವಿಟ್ಟು ಬರೆಯಿರಿ.

ಮಾಟುಂಗಾದ ಹಳೆಯ ಓದುಗ

ಪಾಸುದಾರರೇ, ತಮ್ಮ ಬರಹ ಸಂತೋಷ ಕೊಟ್ಟಿತು. ಆದರೆ "ಆ ಪುರಿಯೇ ಈ ಘಾರಾಪುರಿ" ಎಂದು ಒಂದೇ ಉಸಿರಿನಲ್ಲಿ ತೀರ್ಪು ಕೊಟ್ಟಿದ್ದೀರಿ. ಕೊಂಕಣದ ಮೌರ್ಯರ ರಾಜಧಾನಿಯಾಗಿದ್ದ ಪುರಿ ಎಲ್ಲಿತ್ತು ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಘಾರಾಪುರಿ ಎನ್ನುವವರಿದ್ದಾರೆ, ಜಂಜೀರಾ ಬಳಿಯ ರಾಜಪುರಿ ಎನ್ನುವವರೂ ಇದ್ದಾರೆ. ಲಾಂಚಿನ ಮೇಲೆ ನಿಂತಾಗ ಮನಸ್ಸಿಗೆ ಬಂದದ್ದನ್ನು ನಾನು ಅಲ್ಲಗಳೆಯುವುದಿಲ್ಲ. 'ಇರಬಹುದು' ಎಂಬ ಒಂದು ಪದವನ್ನು ಸೇರಿಸಿಕೊಂಡರೆ ಸಾಕು.

ಕನ್ನಡದ ನೆಲದೊಂದಿಗಿನ ನಂಟನ್ನು ಅನುಮಾನಕ್ಕೆ ಎಡೆಯಿಲ್ಲದಂತೆ ಕಾಣಬೇಕಾದರೆ ಬೊರಿವಲಿಯ ರಾಷ್ಟ್ರೀಯ ಉದ್ಯಾನದೊಳಗಿನ ಕಾನ್ಹೇರಿಗೆ ಹೋಗಿರಿ. ಕಪ್ಪು ಬಂಡೆಯ ಗುಡ್ಡದಲ್ಲಿ ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳಿವೆ. ಅಲ್ಲಿ 9ನೆಯ ಶತಮಾನದ ಶಿಲಾಹಾರ ಸಾಮಂತರ ಕಾಲದ ಶಾಸನಗಳಲ್ಲಿ ಅವರ ಸಾರ್ವಭೌಮನಾಗಿ ರಾಷ್ಟ್ರಕೂಟ ಅಮೋಘವರ್ಷನ ಹೆಸರಿದೆ. ಮಾನ್ಯಖೇಟದಲ್ಲಿ ಕುಳಿತ ನಮ್ಮ ನೃಪತುಂಗನ ಆಳ್ವಿಕೆ ಇಂದಿನ ಬೊರಿವಲಿಯವರೆಗೂ ಹಬ್ಬಿತ್ತು ಎಂಬುದಕ್ಕೆ ಆ ಬಂಡೆಯೇ ಸಾಕ್ಷಿ.

ಆದರೂ ಕಾನ್ಹೇರಿಯಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಅಮೋಘವರ್ಷನಲ್ಲ. 90ನೆಯ ಗುಹೆಯಲ್ಲಿ ಪಹ್ಲವಿ ಎಂಬ ಹಳೆಯ ಇರಾನಿ ಲಿಪಿಯ ಬರಹಗಳಿವೆ. 1009ರಲ್ಲಿ ಮತ್ತು 1021ರಲ್ಲಿ ಅಲ್ಲಿಗೆ ಬಂದಿದ್ದ ಪಾರಸಿಗಳು ತಾವು ಬಂದ ದಿನವನ್ನೂ ತಮ್ಮ ಹೆಸರುಗಳನ್ನೂ ಗೋಡೆಯ ಮೇಲೆ ದಾಖಲಿಸಿ ಹೋಗಿದ್ದಾರೆ. ಇರಾನಿನ ಮೂಲದ ಜನ ತಮ್ಮದಲ್ಲದ ಧರ್ಮದ ಗುಹೆಗೆ ಗುಡ್ಡ ಹತ್ತಿ ಬಂದು, ನೋಡಿ, ಹೆಸರು ಬರೆದರು. ತಾವು ಇಂದು ಹೊರಟಿರುವ ಕೆಲಸವನ್ನು ಈ ಊರಿನಲ್ಲಿ ಸಾವಿರ ವರ್ಷಗಳ ಹಿಂದೆಯೇ ಪರವೂರಿನವರು ಮಾಡಿದ್ದಾರೆ. (ಇಂದಿನವರು ಗೋಡೆಯ ಮೇಲೆ ಬರೆಯುವುದು ಬೇಡ.) ಗುಹೆಗಳ ಹೊರಗೆ ಮಳೆನೀರು ಹಿಡಿಯಲು ಕೊರೆದಿರುವ ಕಾಲುವೆಗಳನ್ನೂ ತೊಟ್ಟಿಗಳನ್ನೂ ತಪ್ಪದೆ ನೋಡಿರಿ; ಮಳೆಗಾಲದ ನಂತರ ಹೋದರೆ ಅವು ಇಂದಿಗೂ ತುಂಬಿರುತ್ತವೆ. ಸೋಮವಾರ ಕಾನ್ಹೇರಿಗೂ ರಜೆ, ಎಲಿಫೆಂಟಾಕ್ಕೂ ರಜೆ.

ಘಾಟ್‌ಕೋಪರಿನ ಗೃಹಿಣಿ

ಇಬ್ಬರು ಹಿರಿಯರ ಬರಹವನ್ನೂ ಓದಿದೆ. ನಾನು ಮದುವೆಯಾಗಿ ಉಡುಪಿಯಿಂದ ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷಗಳಾದವು. ಗೇಟ್‌ವೇಗೆ ಐದಾರು ಸಲ ಹೋಗಿದ್ದೇನೆ. ಪ್ರತಿ ಸಲವೂ ನೆಂಟರೊಂದಿಗೆ. ಅವರೆಲ್ಲ ಕಮಾನಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವಾಗ ಚೀಲಗಳನ್ನೂ, ನೀರಿನ ಬಾಟಲಿಗಳನ್ನೂ, ಯಾರದೋ ಮಗುವನ್ನೂ ಹಿಡಿದುಕೊಂಡು ಪಕ್ಕದಲ್ಲಿ ನಿಂತವಳು ನಾನು. ಬೆಳಿಗ್ಗೆ ಐದಕ್ಕೆ ಎದ್ದು ಅವರಿಗಾಗಿ ಬುತ್ತಿ ಕಟ್ಟಿದ್ದು ಬೇರೆ. ಮನೆಗೆ ಬಂದ ನೆಂಟರಿಗೆ ಊರು ತೋರಿಸುವ ದಿನ ಮನೆಯ ಹೆಂಗಸಿಗೆ ಊರು ಕಾಣುವುದಿಲ್ಲ. ಪಾಸುದಾರರ ಪತ್ನಿಯವರು ಭಾನುವಾರದ ಬುತ್ತಿಯ ಬಗ್ಗೆ ಏನು ಹೇಳುತ್ತಾರೆ ಎಂದು ತಿಳಿಯುವ ಕುತೂಹಲವಿದೆ.

ಹೋದ ವರ್ಷ ಮಗಳು ಕಾಲೇಜಿಗೆ ಸೇರಿದ ಮೇಲೆ ನಾನು ಒಬ್ಬಳೇ ಹೊರಡಲು ಕಲಿತೆ. ವಾರದ ನಡುವೆ, ಹನ್ನೊಂದು ಗಂಟೆ ಕಳೆದ ಮೇಲೆ ಲೇಡೀಸ್ ಡಬ್ಬಿಯಲ್ಲಿ ಕಿಟಕಿಯ ಪಕ್ಕದ ಜಾಗ ಸಿಗುತ್ತದೆ. ಮೊದಲು ಹೋದದ್ದು ಭಾಯ್ಖಳಾದ ಡಾ. ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯಕ್ಕೆ. 1872ರಲ್ಲಿ ಜನರಿಗೆ ತೆರೆದ ಈ ಕಟ್ಟಡ ಮುಂಬೈಯ ಅತ್ಯಂತ ಹಳೆಯ ವಸ್ತುಸಂಗ್ರಹಾಲಯ. ಹಳೆಯ ಮುಂಬೈಯ ಜನರ, ಅವರ ಕಸುಬುಗಳ ಪುಟ್ಟ ಪುಟ್ಟ ಮಣ್ಣಿನ ಬೊಂಬೆಗಳು ಗಾಜಿನ ಕಪಾಟುಗಳಲ್ಲಿವೆ. ನವರಾತ್ರಿಯ ಬೊಂಬೆ ನೋಡಲು ಯಾರದೋ ಮನೆಗೆ ಹೋದ ಹಾಗಾಯಿತು. ಏಳು ದ್ವೀಪಗಳ ನಡುವಿನ ನೀರನ್ನು ತುಂಬಿ ಒಂದೇ ನೆಲ ಮಾಡಿದ ಕಥೆ ಅಲ್ಲಿಯ ನಕಾಶೆಗಳನ್ನು ನೋಡಿದ ಮೇಲೆಯೇ ನನಗೆ ಅರ್ಥವಾದದ್ದು.

ಪಾಸುದಾರರಿಗೆ ಒಂದು ಮಾಹಿತಿ. ಪೋರ್ಚುಗೀಸರು ಘಾರಾಪುರಿಗೆ 'ಎಲಿಫೆಂಟಾ' ಎಂದು ಹೆಸರಿಡಲು ಕಾರಣವಾದ ಕಲ್ಲಿನ ಆನೆ ಈಗ ಆ ದ್ವೀಪದಲ್ಲಿಲ್ಲ. 1864ರಲ್ಲಿ ಅದನ್ನು ಇಂಗ್ಲೆಂಡಿಗೆ ಸಾಗಿಸಲೆಂದು ಎತ್ತುವಾಗ ಕ್ರೇನ್ ಮುರಿದು, ಆನೆ ಬಿದ್ದು ತುಂಡಾಯಿತು. ಆ ತುಂಡುಗಳನ್ನು ಜೋಡಿಸಿ ನಿಲ್ಲಿಸಿರುವುದು ಈ ವಸ್ತುಸಂಗ್ರಹಾಲಯದ ಹೊರಗಡೆಯೇ. ಅಷ್ಟೇ ಅಲ್ಲ, ಕಾಲಾ ಘೋಡಾ ಪ್ರದೇಶಕ್ಕೆ ಆ ಹೆಸರು ತಂದ ಏಳನೆಯ ಎಡ್ವರ್ಡ್ ದೊರೆಯ ಕಪ್ಪು ಕುದುರೆಯೂ 1965ರಲ್ಲಿ ಅಲ್ಲಿಂದ ಎದ್ದು ಈ ವಸ್ತುಸಂಗ್ರಹಾಲಯಕ್ಕೆ ಹೊಂದಿಕೊಂಡ ಜಿಜಾಮಾತಾ ಉದ್ಯಾನಕ್ಕೆ, ಅಂದರೆ ಮೃಗಾಲಯಕ್ಕೆ, ಬಂದು ಸೇರಿದೆ. ಹೆಸರು ಅಲ್ಲಿ ಉಳಿದು, ಆನೆ ಕುದುರೆಗಳು ಮಾತ್ರ ಭಾಯ್ಖಳಾದಲ್ಲಿವೆ. ಜನರೆಲ್ಲ ಪೆಂಗ್ವಿನ್ ನೋಡಲು ಓಡುವುದರಿಂದ ಇವುಗಳ ಹತ್ತಿರ ಗದ್ದಲವಿರುವುದಿಲ್ಲ. ಅಲ್ಲಿ ಬುಧವಾರ ರಜೆ.

ವಾಶಿಯಿಂದ ಒಬ್ಬರು

ನನ್ನ ತಾಯಿಗೆ ಎಪ್ಪತ್ತೊಂದು ವರ್ಷ, ಮಂಡಿನೋವಿದೆ. ಘಾರಾಪುರಿಯ ಮೆಟ್ಟಿಲುಗಳನ್ನು ಹತ್ತಿಸಬಹುದೇ?

ಮಾಟುಂಗಾದ ಹಳೆಯ ಓದುಗ

ನನಗೂ ಹೆಚ್ಚುಕಡಿಮೆ ಅದೇ ವಯಸ್ಸು. ಅಲ್ಲಿ ಕುರ್ಚಿಯಲ್ಲಿ ಕೂರಿಸಿ ಹೊತ್ತೊಯ್ಯುವವರು ಸಿಗುತ್ತಾರೆ. ಆದರೆ ಲಾಂಚಿಗೆ ಹತ್ತುವಾಗ, ಇಳಿಯುವಾಗ ಆಗುವ ತೂಗಾಟವೇ ಮಂಡಿಗೆ ಹೆಚ್ಚು ತೊಂದರೆ. ತಾಯಿಯವರನ್ನು ವಾಲ್ಕೇಶ್ವರದ ಬಾಣಗಂಗೆಗೆ ಕರೆದೊಯ್ಯಿರಿ. 1127ರಲ್ಲಿ ಶಿಲಾಹಾರರ ಆಸ್ಥಾನದ ಮಂತ್ರಿ ಲಕ್ಷ್ಮಣ ಪ್ರಭು ಕಟ್ಟಿಸಿದನೆಂದು ಹೇಳಲಾಗುವ ಕೆರೆ ಅದು. ಕವಳೆ ಮಠ, ಕಾಶೀ ಮಠಗಳು ಸುತ್ತಲೇ ಇರುವುದರಿಂದ ಕರಾವಳಿಯವರಿಗೆ ಅಲ್ಲಿ ಕಾಲಿಟ್ಟೊಡನೆ ಊರಿನ ರಥಬೀದಿಯ ನೆನಪಾಗುತ್ತದೆ. ಟ್ಯಾಕ್ಸಿ ಕೆರೆಯ ಹತ್ತಿರದವರೆಗೆ ಬರುತ್ತದೆ. ಮೆಟ್ಟಿಲಿಳಿಯದೆ ಮೇಲಿನ ಕಟ್ಟೆಯಲ್ಲಿ ಕುಳಿತೇ ಎಲ್ಲವನ್ನೂ ನೋಡಬಹುದು.

ರಾತ್ರಿ ಶಾಲೆಯ ವಿದ್ಯಾರ್ಥಿ

ಈ ಚರ್ಚೆಯನ್ನು ಎರಡು ದಿನಗಳಿಂದ ಓದುತ್ತಿದ್ದೇನೆ. ಕೋಪದಿಂದ ಬರೆಯುತ್ತಿಲ್ಲ, ಆದರೆ ಒಂದು ಮಾತನ್ನು ಹೇಳದೆ ಇರಲಾರೆ. ನಾನು ಕುಂದಾಪುರದ ಕಡೆಯ ಹಳ್ಳಿಯಿಂದ ಹದಿಮೂರನೆಯ ವಯಸ್ಸಿನಲ್ಲಿ, 1971ರಲ್ಲಿ, ಫೋರ್ಟಿನ ಒಂದು ಉಡುಪಿ ಹೋಟೆಲಿಗೆ ಲೋಟ ತೊಳೆಯಲು ಬಂದವನು. ಹಗಲು ಕೆಲಸ, ರಾತ್ರಿ ಕನ್ನಡ ಶಾಲೆ. ನಮ್ಮಂಥವರಿಗೆ ಪಾಸು ಇರಲಿಲ್ಲ, ಏಕೆಂದರೆ ರೈಲಿನಲ್ಲಿ ಹೋಗಬೇಕಾದ ಮನೆಯೇ ಇರಲಿಲ್ಲ. ಹೋಟೆಲಿನ ಮಾಳಿಗೆಯಲ್ಲಿ ಮಲಗುತ್ತಿದ್ದೆವು. ಪ್ರವಾಸಿಯಂತೆ ನಗರ ನೋಡಬೇಕು ಎಂಬ ಮಾತು ಕೇಳಿದಾಗ, ಪಾಸುದಾರರು ಮೂವತ್ತು ವರ್ಷ ಕಣ್ಣು ಮುಚ್ಚಿಕೊಂಡು ಓಡಾಡಿದರೇ ಎಂದು ಆಶ್ಚರ್ಯವಾಯಿತು.

ಲೋಟ ತೊಳೆಯುವುದರಿಂದ ಬಡ್ತಿ ಸಿಕ್ಕಿ ಹೊರಗಿನ ಆರ್ಡರಿಗೆ ಚಹಾ ಒಯ್ಯುವ ಹುಡುಗನಾದ ಮೇಲೆ, ಫೋರ್ಟಿನಲ್ಲಿ ನಾನು ಹತ್ತದ ಮೆಟ್ಟಿಲಿರಲಿಲ್ಲ. ಕಲ್ಲಿನ ಆ ದೊಡ್ಡ ಕಟ್ಟಡಗಳ ಮುಂಬಾಗಿಲಿನ ಕೆತ್ತನೆಯನ್ನು ನೀವು ನೋಡುತ್ತೀರಿ. ಅವುಗಳ ಹಿಂಬದಿಯಲ್ಲಿ ಸುರುಳಿ ಸುತ್ತಿಕೊಂಡು ಏರುವ ಕಬ್ಬಿಣದ ಮೆಟ್ಟಿಲುಗಳನ್ನು ನಾನು ನೋಡಿದ್ದೇನೆ. ಒಂದು ಕೈಯಲ್ಲಿ ಆರು ಲೋಟಗಳ ತಂತಿಯ ಸ್ಟ್ಯಾಂಡು, ಇನ್ನೊಂದು ಕೈಯಲ್ಲಿ ಕೆಟಲು. ಯಾವ ಕಟ್ಟಡದ ಲಿಫ್ಟಿನವನು ಹತ್ತಿಸಿಕೊಳ್ಳುತ್ತಾನೆ, ಯಾವನು ಗದರಿಸುತ್ತಾನೆ, ಯಾವ ವಕೀಲರ ಕೋಣೆಯ ಕಿಟಕಿಯಿಂದ ಸಮುದ್ರ ಕಾಣುತ್ತದೆ ಎಂಬುದೆಲ್ಲ ನನಗೆ ಬಾಯಿಪಾಠವಾಗಿತ್ತು. ರಾತ್ರಿ ಶಾಲೆ ಬಿಟ್ಟ ಮೇಲೆ ನಾಲ್ಕೈದು ಹುಡುಗರು ಓವಲ್ ಮೈದಾನದ ಅಂಚಿನಲ್ಲಿ ಕುಳಿತು, ರಾಜಾಬಾಯಿ ಗೋಪುರದ ಗಡಿಯಾರ ಎಷ್ಟು ಹೊಡೆಯಿತು ಎಂದು ಎಣಿಸಿ, ಬೆಳಗಿನ ಪಾಳಿಗೆ ಇನ್ನೆಷ್ಟು ಗಂಟೆ ನಿದ್ರೆ ಉಳಿದಿದೆ ಎಂದು ಲೆಕ್ಕ ಹಾಕುತ್ತಿದ್ದೆವು. ಆ ಗೋಪುರಕ್ಕೆ ಹಣ ಕೊಟ್ಟ ಪ್ರೇಮಚಂದ ರಾಯಚಂದ ಎಂಬ ಹತ್ತಿಯ ದೊಡ್ಡ ವ್ಯಾಪಾರಿ ಅದಕ್ಕೆ ತನ್ನ ತಾಯಿಯ ಹೆಸರಿಡಿಸಿದನೆಂದು ಶಾಲೆಯ ಮಾಸ್ತರರು ಹೇಳಿದ್ದರು. ತಾಯಿಯನ್ನು ಊರಿನಲ್ಲಿ ಬಿಟ್ಟು ಬಂದ ಹುಡುಗರಿಗೆ ಆ ಮಾತು ಎಷ್ಟು ನಾಟಿತ್ತೆಂದರೆ, ಗೋಪುರದ ಎತ್ತರ 280 ಅಡಿ, ಅದು 1878ರಲ್ಲಿ ಮುಗಿಯಿತು ಎಂದು ಅವರು ಜೊತೆಗೆ ಹೇಳಿದ್ದೂ ನನಗೆ ಇಂದಿಗೂ ಮರೆತಿಲ್ಲ.

ಆದ್ದರಿಂದ ನಾನು ಕೇಳುವುದು ಇಷ್ಟೇ: ನೋಡುವುದಕ್ಕೆ ಪ್ರವಾಸಿಯ ವೇಷವೇ ಏಕೆ ಬೇಕು?

ಡೊಂಬಿವಲಿಯ ಪಾಸುದಾರ

ತಮ್ಮ ಪ್ರಶ್ನೆಗೆ ಉತ್ತರಿಸಲು ಒಂದು ದಿನ ತೆಗೆದುಕೊಂಡೆ, ಕ್ಷಮಿಸಬೇಕು. ಕಣ್ಣು ಮುಚ್ಚಿಕೊಂಡು ಓಡಾಡಿದೆ ಎಂಬುದು ನಿಜ. ಆದರೆ ಕಾರಣ ಉದಾಸೀನವಲ್ಲ, ಗಡಿಬಿಡಿ ಎಂದೇ ನನ್ನ ಅನಿಸಿಕೆ. ತಾವು ಹೋದ ಕಡೆಯೆಲ್ಲ ಲೋಟ ಖಾಲಿಯಾಗುವವರೆಗೆ ಕಾಯಬೇಕಾಗುತ್ತಿತ್ತು. ಆ ಕಾಯುವಿಕೆಯಲ್ಲಿ ಕಿಟಕಿ ಕಂಡಿತು, ಸಮುದ್ರ ಕಂಡಿತು. ನನಗೆ ಎಲ್ಲಿಯೂ ಕಾಯುವ ಪ್ರಸಂಗವೇ ಬರಲಿಲ್ಲ, 6.12ರ ಲೋಕಲ್ ತಪ್ಪಿದರೆ 6.20ರದ್ದು. ಪ್ರವಾಸಿಯ ವೇಷ ಬೇಕಾದದ್ದು ಊರನ್ನು ನೋಡುವುದಕ್ಕಲ್ಲ, ನಿಲ್ಲುವುದಕ್ಕೆ ಒಂದು ನೆಪಕ್ಕಾಗಿ.

ಹಿರಿಯರು ಸೂಚಿಸಿದ 'ಇರಬಹುದು' ಎಂಬ ಪದವನ್ನು ಒಪ್ಪಿಕೊಂಡು ಸೇರಿಸಿಕೊಂಡಿದ್ದೇನೆ. ಬುತ್ತಿಯ ವಿಷಯವನ್ನು ಮನೆಯಲ್ಲಿ ಓದಿ ಹೇಳಿದೆ. ಮುಂದಿನ ತಿಂಗಳಿನಿಂದ ಬುತ್ತಿ ಇಲ್ಲವೆಂದೂ, ಮಾಟುಂಗಾದಲ್ಲಿ 1942ರಿಂದ ನಡೆಯುತ್ತಿರುವ ರಾಮಾ ನಾಯಕರ ಬೋರ್ಡಿಂಗಿನಲ್ಲಿ ಬಾಳೆಲೆ ಊಟವೆಂದೂ ತೀರ್ಮಾನವಾಗಿದೆ. ತೀರ್ಮಾನಿಸಿದ್ದು ನಾನಲ್ಲ.

ಅಂಧೇರಿಯ ಎಂಜಿನಿಯರ್

ನಾನು ಇಲ್ಲಿರುವವರಲ್ಲಿ ಬಹುಶಃ ಅತಿ ಕಿರಿಯ. ದಾವಣಗೆರೆಯಿಂದ ಬಂದು ನಾಲ್ಕು ವರ್ಷಗಳಾಗಿವೆ. ಒಂದು ಆಕ್ಷೇಪವಿದೆ. ಪುಲಕೇಶಿ, ಅಮೋಘವರ್ಷ, ಕಾಶೀ ಮಠ, ಉಡುಪಿ ಹೋಟೆಲು ಎಂದು ಹುಡುಕುತ್ತಾ ಹೋದರೆ ನಾವು ಮುಂಬೈಯಲ್ಲಿ ನೋಡುವುದು ಕರ್ನಾಟಕವನ್ನೇ ಅಲ್ಲವೇ? ಊರು ನಮ್ಮದು ಎನ್ನಿಸಲು ಅದರಲ್ಲಿ ನಮ್ಮವರ ಗುರುತು ಇರಲೇಬೇಕೆಂಬ ಹಟ ನನಗೆ ಸರಿಕಾಣುವುದಿಲ್ಲ. ನಾನು ಲಾಲ್‌ಬಾಗ್, ಪರೇಲ್ ಕಡೆಯ ಬಟ್ಟೆ ಗಿರಣಿಗಳ ಪ್ರದೇಶವಾದ ಗಿರಣಗಾವ್‌ನಲ್ಲಿ ಸುಮ್ಮನೆ ನಡೆಯುತ್ತೇನೆ. 1982ರ ಜನವರಿಯಲ್ಲಿ ದತ್ತಾ ಸಾಮಂತರ ನಾಯಕತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದ ಪ್ರದೇಶ ಅದು. ಇಂದು ಅಲ್ಲಿ ಗಾಜಿನ ಗೋಪುರಗಳು ಎದ್ದಿವೆ; ಅವುಗಳ ನಡುವೆ ಎಲ್ಲೋ ಒಂದು ಹೊಗೆಚಿಮಣಿ ಉಳಿದಿದೆ. ಅದರ ನೆರಳಿನಲ್ಲಿರುವ ಚಾಳಿನ ಓಣಿಯಲ್ಲಿ ಒಬ್ಬ ಅಜ್ಜ ನನ್ನ ಹರಕುಮುರುಕು ಮರಾಠಿಯನ್ನು ತಿದ್ದುತ್ತಾ, ಗಿರಣಿಯ ಭೋಂಗಾ (ಸೈರನ್) ಕೇಳಿ ಇಡೀ ಓಣಿ ಏಳುತ್ತಿದ್ದ ಕಾಲದ ಬಗ್ಗೆ ಒಂದು ಗಂಟೆ ಮಾತನಾಡಿದರು. ಅಲ್ಲಿ ನಮ್ಮವರ ಶಾಸನ ಯಾವುದೂ ಇರಲಿಲ್ಲ.

ಇನ್ನೊಂದು ಸಣ್ಣ ಸೂಚನೆ: ಆರೆಯಿಂದ ಕಫ್ ಪರೇಡಿನವರೆಗೆ ಹೊಸ ಭೂಗತ ಮೆಟ್ರೊ ಬಂದಿದೆ, ತಂಪಾಗಿದೆ, ಬೇಗ ತಲುಪಿಸುತ್ತದೆ. ಊರು ನೋಡಲು ಹೊರಟವರು ಅದನ್ನು ಹತ್ತಬಾರದು. ದಾರಿಯುದ್ದಕ್ಕೂ ಕಿಟಕಿಯಲ್ಲಿ ಕಾಣುವುದು ನಿಮ್ಮದೇ ಮುಖ. ಬೆಸ್ಟ್ ಬಸ್ಸಿನ ಡಬಲ್ ಡೆಕ್ಕರ್ ಸಿಕ್ಕರೆ ಮೇಲಿನ ಅಂತಸ್ತಿನ ಮುಂದಿನ ಸೀಟು ಹಿಡಿಯಿರಿ.

ಮಾಟುಂಗಾದ ಹಳೆಯ ಓದುಗ

ಎಂಜಿನಿಯರ್ ಅವರ ಆಕ್ಷೇಪ ನ್ಯಾಯವಾದದ್ದು. ಪಹ್ಲವಿ ಬರಹದ ಮುಂದೆ ನಾನು ನಿಂತದ್ದೂ ಬಹುಶಃ ಅದೇ ಕಾರಣಕ್ಕೆ ಇರಬೇಕು. ಆದರೆ ವಯಸ್ಸಾದವರಿಗೆ ಒಂದು ರಿಯಾಯಿತಿ ಕೊಡಿ: ಪರವೂರಿನಲ್ಲಿ ಮೊದಲ ಹೆಜ್ಜೆ ಇಡುವಾಗ ಪರಿಚಯದ ಒಂದು ಕಲ್ಲು ಕಾಲಿಗೆ ಸಿಕ್ಕರೆ ಧೈರ್ಯ ಬರುತ್ತದೆ. ಎರಡನೆಯ ಹೆಜ್ಜೆಗೆ ಗಿರಣಗಾವ್‌ಗೆ ನಾನೂ ಬರುತ್ತೇನೆ.

ಘಾಟ್‌ಕೋಪರಿನ ಗೃಹಿಣಿ

ಎಲ್ಲರೂ ಒಪ್ಪುವುದಾದರೆ ನನ್ನದೊಂದು ಕೋರಿಕೆ. ರಾತ್ರಿ ಶಾಲೆಯ ವಿದ್ಯಾರ್ಥಿಯವರು ಬರೆದ ಆ ಹಿಂಬದಿಯ ಮೆಟ್ಟಿಲುಗಳನ್ನು ನೋಡುವ ಆಸೆಯಾಗಿದೆ. ತಾವು ಚಹಾ ಒಯ್ಯುತ್ತಿದ್ದ ದಾರಿಯಲ್ಲಿ ಒಂದು ದಿನ ನಮ್ಮನ್ನು ಕರೆದೊಯ್ಯುವಿರಾ?

ರಾತ್ರಿ ಶಾಲೆಯ ವಿದ್ಯಾರ್ಥಿ

ಖಂಡಿತವಾಗಿ. ಆದರೆ ಪಾಸುದಾರರ ಭಾನುವಾರ ಅದಕ್ಕೆ ಒದಗುವುದಿಲ್ಲ. ಭಾನುವಾರ ಆ ಕಚೇರಿಗಳಿಗೆಲ್ಲ ಬೀಗ, ಮೇಲಾಗಿ ಸೆಂಟ್ರಲ್ ಲೈನಿನಲ್ಲಿ ಹಳಿ ರಿಪೇರಿಗೆಂದು ರೈಲು ತಡೆಯುವ ಮೆಗಾ ಬ್ಲಾಕ್ ಬೇರೆ. ವಾರದ ದಿನವೇ ಆಗಬೇಕು, ಅದೂ ಹನ್ನೊಂದು ಗಂಟೆಯ ಚಹಾದ ಹೊತ್ತಿಗೆ. ಎರಡು ಕಟ್ಟಡಗಳ ಕಾವಲುಗಾರರು ಇಂದಿಗೂ ನನ್ನನ್ನು ಗುರುತಿಸುತ್ತಾರೆ. ಒಬ್ಬರಂತೂ ನನ್ನ ಕಾಲದ ಲಿಫ್ಟಿನವರ ಮಗ. ಎಲ್ಲರೂ ಸದ್ದಿಲ್ಲದೆ ಹತ್ತಬೇಕು.

ಡೊಂಬಿವಲಿಯ ಪಾಸುದಾರ

ಮುಂದಿನ ಮಂಗಳವಾರಕ್ಕೆ ಕಚೇರಿಯಲ್ಲಿ ರಜೆ ಹಾಕಿದ್ದೇನೆ. ಕಾರಣದ ಕಲಮಿನಲ್ಲಿ 'ಪರವೂರಿಗೆ ಪ್ರಯಾಣ' ಎಂದು ಬರೆದದ್ದನ್ನು ಸಾಹೇಬರು ಓದದೆಯೇ ಮಂಜೂರು ಮಾಡಿದರು. ನಾವು ಹತ್ತುವ ಕಟ್ಟಡಗಳಲ್ಲಿ ಒಂದು ನನ್ನ ಕಚೇರಿಯದೇ ಆಗಿದ್ದರೆ ದಯವಿಟ್ಟು ಮೊದಲೇ ತಿಳಿಸಿರಿ. ಪತ್ನಿಯೂ ಬರುತ್ತಿದ್ದಾಳೆ. ಹತ್ತೂಮುಕ್ಕಾಲಿಗೆ ಹುಲಿಯ ಕಂಬದ ಕೆಳಗೆ ನಿಂತಿರುತ್ತೇವೆ.